ಹೊಣೆಯೂ ರುಜುವೂ

ನಮ್ಮ ಭಾಷೆಯಲ್ಲಿ ‘ಹೊಣೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಹಿರಿಯರನ್ನು ಸಾಕುವುದು, ಮನೆತನವನ್ನು ನಡೆಸುವುದು, ಒಪ್ಪಿಕೊಂಡ ಕೆಲಸವನ್ನು ಮಾಡಿ ಮುಗಿಸುವುದು, ಇವೆಲ್ಲ ಹೊಣೆ. ಮತ್ತೊಬ್ಬನು ತೆಗೆದ ಸಾಲಕ್ಕೆ ತಾನು ಜಾಮೀನು ನಿಲ್ಲುವುದೂ ಹೊಣೆಯೇ. ಹಳಗನ್ನಡದ ‘ಪೊಣೆ’ಗೂ ಈ ಎರಡನೆಯ ಅರ್ಥವುಂಟು. ಪ್ರಾಯಕ್ಕೆ ಬಂದ ಮಕ್ಕಳಿಗೆ ನಾವು ಮೊದಲನೆಯ ಅರ್ಥದ ಹೊಣೆಯನ್ನು ಕುರಿತು ಬೇಕಾದಷ್ಟು ಉಪದೇಶ ಮಾಡುತ್ತೇವೆ. ಎರಡನೆಯದನ್ನು ಕುರಿತು ಒಂದು ಮಾತನ್ನೂ ಆಡುವುದಿಲ್ಲ. ಅವರು ಅದನ್ನು ಸಾಮಾನ್ಯವಾಗಿ ನೋಟೀಸು ಬಂದ ದಿನ ಕಲಿಯುತ್ತಾರೆ.

ತರುಣರು ರೂಢಿಸಿಕೊಳ್ಳಬೇಕಾದ ಅಭ್ಯಾಸಗಳನ್ನು ಕುರಿತು ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಬೆಳಗ್ಗೆ ಬೇಗ ಏಳುವುದು, ಮಿತವಾಗಿ ಉಣ್ಣುವುದು ಮುಂತಾದುವನ್ನು ನಾನು ಹೇಳತಕ್ಕವನಲ್ಲ. ಅವುಗಳಲ್ಲಿ ನನ್ನ ಸಾಧನೆಯೂ ಅಷ್ಟಕ್ಕಷ್ಟೆ. ಆದಕಾರಣ ಕೇವಲ ಒಂದು ವಿಷಯವನ್ನು ಹಿಡಿದುಕೊಳ್ಳುತ್ತೇನೆ. ಮೊದಲನೆಯ ಸಂಬಳ ಕೈಗೆ ಬಂದ ತರುಣನಾಗಲಿ ತರುಣಿಯಾಗಲಿ ತನ್ನ ರುಜುವನ್ನು ಎಲ್ಲಿ ಹಾಕಬೇಕು, ಹೇಗೆ ಹಾಕಬೇಕು, ಯಾವಾಗ ಹಾಕಬಾರದು ಎಂಬುದೇ ಆ ವಿಷಯ.

ರುಜುವಿಗೆ ಬೆಲೆ ಬರುವುದು ಯಾವ ದಿನದಿಂದ? 1875ರ ಪ್ರಾಪ್ತವಯಸ್ಸಿನ ಕಾಯಿದೆಯ ಪ್ರಕಾರ ಹದಿನೆಂಟು ವರ್ಷ ತುಂಬಿದ ಹುಟ್ಟುಹಬ್ಬದ ದಿನ ಮೊದಲಾಗುತ್ತಲೇ ಮನುಷ್ಯನು ವಯಸ್ಕನಾದಂತೆ. ಅದಕ್ಕೆ ಹಿಂದಿನ ದಿನ ಅವನು ಬರೆದುಕೊಟ್ಟ ಸಾಲಪತ್ರಕ್ಕೆ ಕಾಯಿದೆಯಲ್ಲಿ ಬೆಲೆಯಿಲ್ಲ. ಕಲ್ಕತ್ತೆಯ ಧರ್ಮದಾಸ ಘೋಷನೆಂಬ ಹುಡುಗನು ಇನ್ನೂ ಅಪ್ರಾಪ್ತವಯಸ್ಕನಾಗಿದ್ದಾಗ ಇಪ್ಪತ್ತು ಸಾವಿರ ರೂಪಾಯಿಗೆ ಅಡಮಾನಪತ್ರ ಬರೆದುಕೊಟ್ಟಿದ್ದನು. ವ್ಯಾಜ್ಯವು ಪ್ರೀವಿ ಕೌನ್ಸಿಲ್ಲಿನವರೆಗೆ ಹೋಗಿ, ಆ ಪತ್ರವು ಮೊದಲಿನಿಂದಲೂ ಶೂನ್ಯವೆಂದು 1903ರಲ್ಲಿ ತೀರ್ಮಾನವಾಯಿತು. ಹೀಗೆ ಒಂದು ರಾತ್ರಿ ಕಳೆಯುವುದರೊಳಗೆ, ಏನೂ ಬೆಲೆಯಿಲ್ಲದಿದ್ದ ಕೈಬರಹವು ಮನೆಮಾರನ್ನು ಕಟ್ಟಿಹಾಕಬಲ್ಲ ಶಕ್ತಿಯನ್ನು ಪಡೆಯುತ್ತದೆ. ಮತ ಹಾಕುವ ವಯಸ್ಸನ್ನು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಸಿದ 1988ರ ಸಂವಿಧಾನ ತಿದ್ದುಪಡಿಯ ಮೇಲೆ ಕಾಲೇಜುಗಳಲ್ಲಿ ಚರ್ಚಾಸ್ಪರ್ಧೆಗಳು ನಡೆಯುತ್ತವೆ. ರುಜುವನ್ನು ಕುರಿತು ಸ್ಪರ್ಧೆ ನಡೆದುದನ್ನು ನಾನು ಕಾಣೆ.

ಈಗ ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ. ನಾನು ಆಂಗ್ಲಸಾಹಿತ್ಯದ ಅಧ್ಯಾಪಕ. 2005ರಲ್ಲಿ, ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಷೇಕ್ಸ್‌ಪಿಯರನ ‘ವೆನಿಸ್ಸಿನ ವರ್ತಕ’ ನಾಟಕವನ್ನು ಪಾಠ ಹೇಳುತ್ತಿದ್ದೆ. ಗೆಳೆಯನಾದ ಬಸ್ಸಾನಿಯೋವಿಗೋಸ್ಕರ ಮೂರು ಸಾವಿರ ಡ್ಯುಕಾಟುಗಳಿಗೆ, ಮೂರು ತಿಂಗಳ ವಾಯಿದೆಗೆ, ಆಂಟೋನಿಯೋ ಪತ್ರ ಬರೆದುಕೊಡುವ ಭಾಗವದು. ವಾಯಿದೆ ತಪ್ಪಿದರೆ ಅವನ ಮೈಯಿಂದ ಒಂದು ಪೌಂಡು ಮಾಂಸ. ಸ್ನೇಹದ ಔದಾರ್ಯವನ್ನು ಕುರಿತು ತರಗತಿಯಲ್ಲಿ ಸೊಗಸಾಗಿ ಮಾತನಾಡಿ ಹೊರಗೆ ಬಂದೆ. ಅದೇ ವಾರ, ಕಾಫಿಯ ವೇಳೆಯಲ್ಲಿ, ಸಹೋದ್ಯೋಗಿಯೊಬ್ಬರು ಒಂದು ಕಾಗದವನ್ನು ಮುಂದಿಟ್ಟು, “ಇಲ್ಲೊಂದು, ಇಲ್ಲೊಂದು ಹಾಕಿಬಿಡಿ ಮೇಷ್ಟ್ರೇ, ಬರಿಯ ಶಾಸ್ತ್ರಕ್ಕೆ” ಎಂದರು. ಒಂದು ಪತ್ತಿನ ಸಹಕಾರ ಸಂಘದಿಂದ ತೆಗೆಯುವ ಸಾಲ. ನಾನು ಲೋಟವನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈಯಿಂದ ಎರಡು ಕಡೆಯೂ ರುಜು ಹಾಕಿದೆ. ಮೊಬಲಗು ಎಷ್ಟೆಂದು ಕೇಳಲಿಲ್ಲ. ಕೇಳುವುದು ಸಣ್ಣತನವೆಂದು ಆಗ ತೋರಿತು.

ಒಂದೂವರೆ ವರ್ಷದ ಮೇಲೆ ಅವರು ಕೆಲಸ ಬಿಟ್ಟು ಊರು ತೊರೆದರು. ಸಂಘದ ನೋಟೀಸು ನನಗೆ ಬಂದಿತು. ಸಂಬಳದಿಂದಲೇ ಮುರಿದುಕೊಳ್ಳಬಹುದೆಂಬ ಒಪ್ಪಿಗೆಯೂ ಅದೇ ಕಾಗದದಲ್ಲಿತ್ತು. ತಿಂಗಳಿಗೆ 2,900 ರೂಪಾಯಿಯಂತೆ 31 ತಿಂಗಳು ಮುರಿದುಕೊಂಡರು. ಒಟ್ಟು 89,900 ರೂಪಾಯಿ. ನಮ್ಮ ತಾಯಿಗೆ ಕಣ್ಣಿನ ಪೊರೆ ಬಂದಿತ್ತು. ಆ ಶಸ್ತ್ರಚಿಕಿತ್ಸೆಯನ್ನು ನಾನು ಒಂದು ವರ್ಷ ಮುಂದಕ್ಕೆ ಹಾಕಿದೆ. ರಜ ಸಿಕ್ಕುವುದಿಲ್ಲವೆಂದು ಅವರಿಗೆ ಸುಳ್ಳು ಹೇಳಿದೆ. ಆ ವರ್ಷವೆಲ್ಲ ಅವರು ಬೆಳಗಿನ ಪತ್ರಿಕೆಯನ್ನು ಕಿಟಕಿಯ ಹತ್ತಿರ ಹಿಡಿದು, ದೊಡ್ಡ ಅಕ್ಷರದ ತಲೆಬರಹಗಳನ್ನು ಮಾತ್ರ ಓದಿ ಮಡಿಸಿಡುತ್ತಿದ್ದರು. ನನ್ನನ್ನು ಏನೂ ಕೇಳಲಿಲ್ಲ.

ಮೊದಲು ಸಾಲಗಾರನನ್ನು ಹಿಡಿಯಿರಿ, ಅವನಿಂದ ಬಾರದಿದ್ದರೆ ನನ್ನ ಹತ್ತಿರ ಬನ್ನಿ ಎಂದು ಸಂಘದವರೊಡನೆ ನಾನು ವಾದಿಸಿದ್ದುಂಟು. ಇದು ಜಾಮೀನು ಹಾಕಿದ ಬಹುಮಂದಿಯ ಕಲ್ಪನೆ. ಇದು ತಪ್ಪು. 1872ರ ಕರಾರು ಕಾಯಿದೆಯ 128ನೆಯ ಕಲಮು, ಪತ್ರದಲ್ಲಿ ಬೇರೆ ರೀತಿ ಬರೆದಿಲ್ಲದ ಪಕ್ಷದಲ್ಲಿ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ ಎಂದು ವಿಧಿಸುತ್ತದೆ. ಸಾಲಗಾರನ ಮೇಲಿನ ಉಪಾಯಗಳೆಲ್ಲ ಮುಗಿಯುವವರೆಗೂ ಸಾಲ ಕೊಟ್ಟವನು ಕಾಯಬೇಕಾದ್ದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಬಿಹಾರದ ಬ್ಯಾಂಕೊಂದರ ಮೊಕದ್ದಮೆಯಲ್ಲಿ 1968ರಲ್ಲಿಯೇ ಸ್ಪಷ್ಟಪಡಿಸಿತು. ಯೋಚಿಸಿದರೆ ಇದು ಅನ್ಯಾಯವೇನೂ ಅಲ್ಲ. ಸಾಲಗಾರನು ಸುಲಭವಾಗಿ ಕೊಡುವವನಾಗಿದ್ದರೆ ಜಾಮೀನನ್ನು ಕೇಳುವ ಕಾರಣವೇ ಇರಲಿಲ್ಲ. ಕೊಟ್ಟವನು ಯಾರನ್ನು ಹಿಡಿಯುವುದು ಸುಲಭವೋ ಅವರನ್ನು ಹಿಡಿಯುತ್ತಾನೆ. ತಿಂಗಳ ಸಂಬಳದವನಿಗಿಂತ ಸುಲಭವಾಗಿ ಸಿಕ್ಕುವವರು ಯಾರು?

ಜಾಮೀನುದಾರನಿಗೆ ಕಾಯಿದೆ ಕೊಟ್ಟಿರುವ ಹಕ್ಕುಗಳೂ ಕೆಲವುಂಟು. ಅವನು ತೆತ್ತ ಹಣವನ್ನು ಸಾಲಗಾರನಿಂದ ವಸೂಲು ಮಾಡಿಕೊಳ್ಳಬಹುದು. ಇಬ್ಬರು ಜಾಮೀನುದಾರರಿದ್ದು ಒಬ್ಬನೇ ತೆತ್ತರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಇನ್ನೊಬ್ಬನಿಂದ ಸಮಪಾಲು ಕೇಳಬಹುದು. ಇವನ ಒಪ್ಪಿಗೆಯಿಲ್ಲದೆ ಸಾಲದ ಷರತ್ತುಗಳನ್ನು ಬದಲಾಯಿಸಿದರೆ, ಆಮೇಲಿನ ವ್ಯವಹಾರಗಳ ಮಟ್ಟಿಗೆ ಇವನು ಹೊಣೆಯಿಂದ ಬಿಡುಗಡೆ ಹೊಂದುತ್ತಾನೆ. ಆದರೆ ಸಾಲಗಾರನ ಮೇಲೆ ದಾವೆ ಹೂಡುವುದಕ್ಕೆ, ಹಣ ತೆತ್ತ ದಿನದಿಂದ ಮೂರು ವರ್ಷವಷ್ಟೇ ಅವಧಿ. ನನ್ನ ಮಟ್ಟಿಗೆ ಆ ಮೂರು ವರ್ಷಗಳು ಸಂಕೋಚದಲ್ಲಿಯೇ ಕಳೆದುಹೋದುವು. ಎರಡನೆಯ ಜಾಮೀನುದಾರರು ನಿವೃತ್ತರಾದ ಹಿರಿಯರು. ಅವರಿಂದ ಅರ್ಧ ಕೇಳಬಹುದಿತ್ತೆಂಬುದು ನನಗೆ ತಿಳಿಯುವ ವೇಳೆಗೆ ಅವರು ತೀರಿಕೊಂಡಿದ್ದರು. ಮತ್ತೊಂದು ಸಂಗತಿ. ಈಗಿನ ಕಾಲದಲ್ಲಿ ನೀವು ಜಾಮೀನು ನಿಂತ ಸಾಲವು ನಿಮ್ಮ ಸಾಲದ ಚರಿತ್ರೆಯ ವರದಿಯಲ್ಲಿಯೂ ಕಾಣುತ್ತದೆ. ನಾಳೆ ನೀವು ಮನೆ ಕಟ್ಟಲು ಸಾಲ ಕೇಳಿದಾಗ ಬ್ಯಾಂಕಿನವರು ಅದನ್ನೂ ಲೆಕ್ಕಕ್ಕೆ ಹಿಡಿಯಬಹುದು.

ಹಾಗಾದರೆ ಯಾರಿಗೂ ಎಂದಿಗೂ ಜಾಮೀನು ಹಾಕಕೂಡದೆ? ಹಾಗೆ ಹೇಳಲು ನನ್ನ ಮನಸ್ಸು ಒಪ್ಪದು. ನಮ್ಮ ನಾಡಿನ ಸಹಕಾರ ಚಳವಳಿಯು 1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಮೊದಲಾಯಿತು. ಬಂಗಾರವಾಗಲಿ ಕಟ್ಟಡವಾಗಲಿ ಒತ್ತೆಯಿಡಲು ಇಲ್ಲದವನಿಗೆ ನೆರೆಯವನ ಮಾತೇ ಒತ್ತೆ ಎಂಬುದು ಇಂಥ ಸಂಘಗಳ ಜೀವಾಳ. ನನ್ನ ಸ್ನಾತಕೋತ್ತರ ವ್ಯಾಸಂಗಕ್ಕೆ ಸಾಲ ದೊರಕಿದ್ದು ನಮ್ಮೂರಿನ ಶಾಲೆಯ ಮೇಷ್ಟರೊಬ್ಬರು ರುಜು ಹಾಕಿದ್ದರಿಂದ. ಅವರು ಹಾಕುವುದಕ್ಕೆ ಮುಂಚೆ ಕನ್ನಡಕ ತರಿಸಿ, ಕಾಗದದ ಎರಡು ಮಗ್ಗುಲನ್ನೂ ಓದಿ, ನಮ್ಮ ತಂದೆಯನ್ನು ನಾಲ್ಕು ಪ್ರಶ್ನೆ ಕೇಳಿ, ಮೊಬಲಗನ್ನು ತಮ್ಮ ದಿನಚರಿಯಲ್ಲಿ ಬರೆದುಕೊಂಡರು. ನನಗೆ ಆಗ ಅವಮಾನವಾದಂತಿತ್ತು. ಅವರು ಮಾಡಿದ್ದೇ ಸರಿಯಾದ ಕ್ರಮವೆಂದು ತಿಳಿಯಲು ನನಗೆ 31 ತಿಂಗಳ ಸಂಬಳ ಬೇಕಾಯಿತು.

ಆ ಮೇಷ್ಟರ ಕ್ರಮವನ್ನೇ ನಾನು ಈಗ ವಿದ್ಯಾರ್ಥಿಗಳಿಗೆ ಹೇಳುವುದು. ಕಾಗದ ತಂದವರ ಎದುರಿಗೆ, ಅದೇ ದಿನ, ರುಜು ಹಾಕಬಾರದು. ಒಂದು ರಾತ್ರಿ ಅದು ನಿಮ್ಮ ಮನೆಯಲ್ಲಿರಬೇಕು. ಮನೆಯಲ್ಲಿ ಒಬ್ಬರಿಗಾದರೂ ಅದರ ಸಂಗತಿ ತಿಳಿದಿರಬೇಕು. ಅಸಲು ಎಷ್ಟು, ಬಡ್ಡಿ ಎಷ್ಟು, ಎಷ್ಟು ಕಂತು, ಇನ್ನೊಬ್ಬ ಜಾಮೀನುದಾರರು ಯಾರು, ಇವನ್ನು ಬಾಯಿಬಿಟ್ಟು ಕೇಳಬೇಕು. ಖಾಲಿ ಬಿಟ್ಟ ಜಾಗಗಳನ್ನು ತುಂಬಿಸಬೇಕು, ಇಲ್ಲವೆ ಅಡ್ಡಗೀಟು ಎಳೆಯಬೇಕು. ಒಂದು ನಕಲನ್ನು ತೆಗೆದಿರಿಸಿಕೊಳ್ಳಬೇಕು. ಆರು ತಿಂಗಳಿಗೊಮ್ಮೆ ಬಾಕಿ ಎಷ್ಟಿದೆಯೆಂದು ವಿಚಾರಿಸಬೇಕು. ಮೂರು ಕಂತು ತಪ್ಪಿದಾಗ ತಿಳಿದರೆ ಗೆಳೆಯನಿಗೆ ಬುದ್ಧಿ ಹೇಳಬಹುದು, ಮೂವತ್ತು ತಪ್ಪಿದ ಮೇಲೆ ಗೆಳೆಯನೇ ಸಿಕ್ಕುವುದಿಲ್ಲ. ಮೊಬಲಗಿನ ಮಿತಿಯೇನೆಂದರೆ, ಅಷ್ಟು ಹಣವನ್ನು ಕಳೆದುಕೊಂಡೂ ಮನೆಯ ಅಗತ್ಯಗಳಿಗೆ ಕುಂದು ಬಾರದಂತಿರಬೇಕು. ನಮ್ಮ ತಾಯಿಯ ಕಣ್ಣಿನ ಲೆಕ್ಕವನ್ನು ನಾನು ಆ ದಿನ ಹಾಕಿರಲಿಲ್ಲ.

ಇಲ್ಲವೆನ್ನುವುದು ಹಾಕುವುದಕ್ಕಿಂತ ಕಷ್ಟವೆಂಬುದನ್ನು ಬಲ್ಲೆ. ಅದರಲ್ಲಿಯೂ ಕೇಳುವವರು ಭಾವನೋ ಸೋದರಮಾವನೋ ಆದರೆ ನಾಲಿಗೆ ಏಳದು. ನೆಪಗಳನ್ನು ಹುಡುಕಬಾರದೆಂದು ನನ್ನ ಅನುಭವ. ಒಂದು ನೆಪಕ್ಕೆ ಅವರು ಒಂದು ಪರಿಹಾರವನ್ನು ತಂದೇ ತರುತ್ತಾರೆ. “ಇಷ್ಟು ಮೊಬಲಗಿಗೆ ನಿಲ್ಲುವ ಶಕ್ತಿ ನನಗಿಲ್ಲ, ಮಾವ. ನನ್ನ ಕೈಲಾಗುವುದು ಐದು ಸಾವಿರ, ಅದನ್ನು ಈಗಲೇ ತೆಗೆದುಕೊಳ್ಳಿ, ಹಿಂದಕ್ಕೆ ಕೊಡಬೇಕಾದ್ದಿಲ್ಲ” ಎಂದುಬಿಟ್ಟರೆ, ಮಾತು ಅಲ್ಲಿಗೆ ನಿಲ್ಲುವುದು ಸಾಧ್ಯ. ಅವರು ಮುನಿಸಿಕೊಳ್ಳಬಹುದು. ಆ ಮುನಿಸಿಗಾದರೂ ಬಡ್ಡಿ ಬೆಳೆಯುವುದಿಲ್ಲ.

ರುಜು ಎಂದರೆ ಮಸಿಯಿಂದ ಬರೆದದ್ದೇ ಎಂದು ಭಾವಿಸಬಾರದು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಬಂದಂದಿನಿಂದ ವಿದ್ಯುನ್ಮಾನ ಒಪ್ಪಿಗೆಗೂ ಮಾನ್ಯತೆ ದೊರೆತಿದೆ. ಫೋನಿನ ಪರದೆಯ ಮೇಲೆ ‘ಒಪ್ಪಿದ್ದೇನೆ’ ಎಂಬಲ್ಲಿ ಬೆರಳಿಟ್ಟರೆ ಅದೂ ರುಜುವೇ; ಬ್ಯಾಂಕು ಕಳುಹಿಸುವ ಆರು ಅಂಕಿಯ ಸಂಖ್ಯೆಯನ್ನು ಅಪರಿಚಿತನಿಗೆ ಓದಿ ಹೇಳಿದರೆ ಅದು ಖಾಲಿ ಕಾಗದಕ್ಕೆ ರುಜು ಹಾಕಿಕೊಟ್ಟಂತೆ. 2016ರಲ್ಲಿ ಮೊದಲಾದ ಯುಪಿಐ ಪದ್ಧತಿಯಲ್ಲಿ ಹಣವನ್ನು ಕಳುಹಿಸುವುದಕ್ಕೆ ಮಾತ್ರ ಗುಪ್ತಸಂಖ್ಯೆ ಬೇಕು, ಪಡೆಯುವುದಕ್ಕೆ ಬೇಡ. ಈ ಒಂದು ಸಂಗತಿ ನೆನಪಿದ್ದರೆ ಅನೇಕ ಮೋಸಗಳಿಂದ ಪಾರಾಗಬಹುದು. ಮೊಬಲಗು ಬರೆಯದ ಚೆಕ್ಕಿಗೆ ರುಜು ಹಾಕಿ ಕೊಡುವುದಂತೂ ಕೂಡದು. ಸಾಲದ ಬಾಬತ್ತು ಕೊಟ್ಟ ಚೆಕ್ಕು ಹಣವಿಲ್ಲದೆ ಹಿಂದಿರುಗಿ, ನೋಟೀಸಿನ ಮೇಲೂ ಹಣ ಕೊಡದಿದ್ದರೆ, 1989ರಿಂದ ಅದು ಅಪರಾಧ; ಈಗ ಅದಕ್ಕೆ ಎರಡು ವರ್ಷದವರೆಗೆ ಸೆರೆವಾಸವನ್ನು ವಿಧಿಸಬಹುದು.

ಕ್ರೆಡಿಟ್ ಕಾರ್ಡಿನ ರಸೀದಿಯೂ ಇಂಥದೇ. ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳಿ. ಕೇಳಲು ಸಣ್ಣದು. ಹತ್ತು ಸಾವಿರ ರೂಪಾಯಿಯನ್ನು ಈ ದರದಲ್ಲಿ ಒಂದು ವರ್ಷ ತೀರಿಸದೆ ಬಿಟ್ಟರೆ ಚಕ್ರಬಡ್ಡಿ ಸೇರಿ ಹದಿನೈದು ಸಾವಿರವನ್ನು ದಾಟುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ಹೇಳಿದ ನಮ್ಮವರಿಗೆ, ಹಾಸಿಗೆಯನ್ನೇ ಬಾಡಿಗೆಗೆ ಕೊಡುವ ಅಂಗಡಿಯೊಂದು ಬರುವುದೆಂದು ತೋಚಿರಲಿಲ್ಲ.

ಬಾಡಿಗೆಯ ಮಾತು ಬಂದದ್ದರಿಂದ ಒಂದು ವಿಷಯ. ಮನೆ ಕರಾರುಗಳು ಹನ್ನೊಂದು ತಿಂಗಳಿಗೆ ಏಕಿರುತ್ತವೆಂದು ವಿದ್ಯಾರ್ಥಿಗಳು ಕೇಳುವುದುಂಟು. ಒಂದು ವರ್ಷವನ್ನು ಮೀರಿದ ಗೇಣಿಪತ್ರವನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಲೇಬೇಕು. ಆ ಖರ್ಚನ್ನು ತಪ್ಪಿಸಿಕೊಳ್ಳುವ ಉಪಾಯವದು. ಮುಂಗಡ ಎಷ್ಟು, ಬಿಡುವಾಗ ಅದರಲ್ಲಿ ಏನೇನು ಮುರಿಯುತ್ತಾರೆ ಎಂಬುದು ಬರಹದಲ್ಲಿರಲಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ.

ರುಜು ಹಾಕಬೇಕಾಗಿದ್ದೂ ತರುಣರು ಹಾಕದೆ ಬಿಡುವ ಸ್ಥಳವೂ ಒಂದುಂಟು. ಅದು ಬ್ಯಾಂಕಿನ ಲೆಕ್ಕಕ್ಕೆ ನಾಮನಿರ್ದೇಶನ ಮಾಡುವ ಕಾಗದ. ತಾನು ಸಾಯುವೆನೆಂದು ಇಪ್ಪತ್ತೆರಡು ವರ್ಷದವನಿಗೆ ನಂಬಿಕೆ ಬರುವುದಿಲ್ಲ. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೂ ಹೆಸರಿಸಬಹುದಾಗಿದೆ. ಐದು ನಿಮಿಷದ ಕೆಲಸ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಅವಳ ಅಕ್ಕನ ಗಂಡನು ಜಾಮೀನಿಗೆಂದು ಕೊಟ್ಟ ಕಾಗದವು ಚೀಲದಲ್ಲಿತ್ತು. ಇಬ್ಬರೂ ಕುಳಿತು ಓದಿದೆವು. ಹೆಸರು, ವಿಳಾಸ, ಸಂಬಳದ ವಿವರ ಎಲ್ಲವೂ ತುಂಬಿತ್ತು. ಸಾಲದ ಮೊಬಲಗಿನ ಜಾಗ ಮಾತ್ರ ಖಾಲಿ. ಅವಳು ಕಾಗದವನ್ನು ಮಡಿಸಿ, “ಇದನ್ನು ತುಂಬಿಸಿಕೊಂಡು ಬನ್ನಿ, ಭಾವ, ಆಮೇಲೆ ನೋಡೋಣ ಅಂತ ಹೇಳ್ತೀನಿ, ಸರ್” ಎಂದಳು. ಹೇಳಿದಳಂತೆ. ಅವರು ಆ ಕಾಗದವನ್ನು ಮತ್ತೆ ತರಲಿಲ್ಲವಂತೆ. ದೀಪಾವಳಿಗೆ ಅಕ್ಕ ತವರಿಗೆ ಬರಲಿಲ್ಲ, ಯುಗಾದಿಗೆ ಬಂದಳು. ನಮ್ಮ ತಾಯಿ ಒಳಗಿನಿಂದ ಕಾಫಿ ತಂದು ಕೊಟ್ಟವರು, ಆ ಹುಡುಗಿ ಹೋದ ಮೇಲೆ, “ಏನೋ ಅದು ಕಾಗದ?” ಎಂದು ಕೇಳಿದರು. ಇಪ್ಪತ್ತು ವರ್ಷದ ಹಿಂದಿನ ಸಂಗತಿಯನ್ನು ನಾನು ಆ ಸಂಜೆ ಅವರಿಗೆ ಹೇಳಿದೆ. ಅವರು ಕನ್ನಡಕವನ್ನು ತೆಗೆದು ಒರೆಸುತ್ತ, “ರಜ ಸಿಕ್ಕಲಿಲ್ಲ ಅಂದಿದ್ದೆಯಲ್ಲ” ಎಂದಷ್ಟೇ ಹೇಳಿದರು.