ಜರ್ಸಿ, ಜವಾರಿ ಮತ್ತು ಗಿಣ್ಣದ ಹಾಲು

ಬೆಟಗೇರಿಯ ಓಣಿಯಲ್ಲಿ ಹಾಲಿನವನು ಬಾಗಿಲಿಗೆ ಬಂದರೆ ಮೊದಲ ಪ್ರಶ್ನೆ ಇದೇ: "ತಮ್ಮಾ, ಇದು ಜರ್ಸಿ ಹಾಲೇನು, ಜವಾರಿದೇನು?" ಜವಾರಿ ಎಂದರೆ ಅವ್ವನ ಮುಖ ಅರಳುತ್ತದೆ. ಜರ್ಸಿ ಎಂದರೆ, "ಅದು ಬರೇ ನೀರು, ಹುಡುಗರಿಗೆ ಕುಡಸಬ್ಯಾಡ" ಎನ್ನುತ್ತಾಳೆ. ಹಾಲಿನ ಬಗೆಗಿರುವ ಅರ್ಧ ತಪ್ಪು ತಿಳಿವಳಿಕೆ ಈ ಎರಡು ಹೆಸರುಗಳಲ್ಲೇ ಇದೆ.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಕೆಂಚು ಬಣ್ಣದ ಸೀಮೆ ಆಕಳೂ ಜರ್ಸಿ, ಕಪ್ಪು-ಬಿಳಿ ಮಚ್ಚೆಯದೂ ಜರ್ಸಿ. ನಿಜವಾದ ಜರ್ಸಿ ಇಂಗ್ಲೆಂಡು-ಫ್ರಾನ್ಸ್ ನಡುವಿನ ಕಡಲಿನಲ್ಲಿರುವ ಸಣ್ಣ ದ್ವೀಪವೊಂದರ ಕಂದು ತಳಿ. ಅದರ ಹಾಲಿನಲ್ಲಿ ಜಿಡ್ಡು ಸುಮಾರು 5 ಪ್ರತಿಶತ, ಅಂದರೆ ಗಟ್ಟಿ ಹಾಲು. ಕಪ್ಪು-ಬಿಳಿಯದು ಹಾಲೆಂಡ್ ಕಡೆಯ ಹೋಲ್‌ಸ್ಟೀನ್ ಫ್ರೀಸಿಯನ್, ರೈತರ ಬಾಯಲ್ಲಿ ಎಚ್ಚೆಫ್. ಅದು ಹೆಚ್ಚು ಹಿಂಡುತ್ತದೆ, ಜಿಡ್ಡು ಮೂರೂವರೆಯ ಆಸುಪಾಸು. 'ತೆಳು' ಎಂಬ ದೂರು ಎಚ್ಚೆಫ್‌ನದು, ಹೆಸರು ಕೆಟ್ಟದ್ದು ಜರ್ಸಿಯದು. ನಮ್ಮ ಕೊಟ್ಟಿಗೆಗಳಲ್ಲಿ ಇರುವುದಂತೂ ಬಹುಪಾಲು ಮಿಶ್ರತಳಿ.

ಜವಾರಿ ಎಂಬುದೂ ಒಂದು ತಳಿಯಲ್ಲ. ಊರಿನದು, ನಾಟಿ ಎಂದಷ್ಟೇ ಅದರ ಅರ್ಥ. ಖಿಲಾರಿ, ಕೃಷ್ಣಾ ತೀರದ ತಳಿ, ಇವುಗಳ ಬೆರಕೆ ಎಲ್ಲವೂ ಅದರೊಳಗೆ ಬಂತು. ಖಿಲಾರಿಯನ್ನು ನಮ್ಮ ಹಿರಿಯರು ಸಾಕಿದ್ದು ಗಳೆ ಮತ್ತು ಚಕ್ಕಡಿಗಾಗಿ, ಹಾಲಿಗಾಗಿ ಅಲ್ಲ. ಕರುವಿಗೆ ಬಿಟ್ಟು ಉಳಿಯುವುದೇ ಸ್ವಲ್ಪ. ಹಾಗಿರುವಾಗ ದಿನವೂ ಕ್ಯಾನುಗಟ್ಟಲೆ 'ಶುದ್ಧ ಜವಾರಿ' ಹಾಲು ಎಲ್ಲಿಂದ ಬರುತ್ತದೆ ಎಂದು ಕೊಳ್ಳುವವರು ಒಮ್ಮೆ ಕೇಳಬೇಕು.

ಹೆಸರು ತಪ್ಪಿದರೆ ದನಕ್ಕೂ ಅನ್ಯಾಯವಾಗುತ್ತದೆ. ಎತ್ತು ಆಕಳ ಜೋಡಿಯೆಂದು ಪೇಟೆಯ ಮಕ್ಕಳು ತಿಳಿದಿದ್ದಾರೆ. ಬೀಜ ಒಡೆಸಿದ ಮೇಲೆ ಎತ್ತು, ಅದಕ್ಕೆ ಮೊದಲು ಹೋರಿ. ಇದು ಸಣ್ಣ ತಪ್ಪು. ನನಗೆ ನೋವು ಕೊಡುವುದು 'ಗೊಡ್ಡು' ಎಂಬ ಮಾತು. ಈಯದ ಆಕಳಿಗೂ ಗೊಡ್ಡು, ಗಬ್ಬವಾಗಿ ಹಾಲು ಬತ್ತಿಸಿದ ಆಕಳಿಗೂ ಗೊಡ್ಡು. ಎರಡನೆಯದು ಹೊಟ್ಟೆಯಲ್ಲಿ ಕರುವನ್ನು ಬೆಳೆಸುತ್ತಿದೆ. ಈಯುವ ಮೊದಲಿನ ಎರಡು ತಿಂಗಳು ಹಿಂಡದೆ ಬಿಟ್ಟರೇ ಕೆಚ್ಚಲು ಚೇತರಿಸಿಕೊಂಡು ಮುಂದಿನ ಸಲ ಹಾಲು ಕೊಡುತ್ತದೆ. 'ಗೊಡ್ಡು' ಎಂದು ಬರೇ ಕಣಿಕಿ ಹಾಕಿ ಕಟ್ಟಿದರೆ ನಷ್ಟ ಮನೆಯವರಿಗೇ.

ಈಗ ಜರ್ಸಿ-ಜವಾರಿ ಜಗಳಕ್ಕೆ ಎ1, ಎ2 ಎಂಬ ಹೊಸ ಮಾತು ಸೇರಿದೆ. ಹಾಲಿನ ಬೀಟಾ ಕೇಸಿನ್ ಎಂಬ ಪ್ರೋಟೀನಿನಲ್ಲಿ 209 ಅಮೈನೋ ಆಮ್ಲಗಳಿವೆ. 67ನೆಯ ಸ್ಥಾನದಲ್ಲಿ ಒಂದೇ ಒಂದು ಬದಲಾದರೆ ಎ2 ಹೋಗಿ ಎ1 ಆಗುತ್ತದೆ. ನಾಟಿ ಆಕಳುಗಳಲ್ಲಿ ಬಹುಪಾಲು ಎ2 ಇರುವುದು ನಿಜ. ಆದರೆ ಎ1 ಹಾಲಿನಿಂದ ಸಕ್ಕರೆ ಕಾಯಿಲೆ, ಹೃದ್ರೋಗ ಬರುತ್ತದೆಂಬುದಕ್ಕೆ ಆಧಾರ ಸಾಲದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲೇ ಹೇಳಿದೆ. ಎಮ್ಮಿ ಹಾಲೂ ಎ2 ಎಂಬುದನ್ನು ದುಬಾರಿ ಬಾಟಲಿ ಮಾರುವವರು ಹೇಳುವುದಿಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬುವವರಿಗೆ ಸಾಮಾನ್ಯವಾಗಿ ತೊಂದರೆ ಕೊಡುವುದು ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ. ಅದು ಜವಾರಿಯಲ್ಲೂ ಜರ್ಸಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಂಥವರಿಗೆ ಮೊಸರು, ಮಜ್ಜಿಗೆ ಒಗ್ಗುತ್ತವೆ, ಏಕೆಂದರೆ ಹೆಪ್ಪಿನ ಜೀವಾಣುಗಳು ಆ ಸಕ್ಕರೆಯ ಒಂದು ಪಾಲನ್ನು ಮೊದಲೇ ತಿಂದಿರುತ್ತವೆ.

"ಆಗಷ್ಟೇ ಹಿಂಡಿದ ನೊರೆಹಾಲು ಕುಡಿದರೆ ಮೈ ಗಟ್ಟಿ" ಎಂಬ ನಂಬಿಕೆ ಮಾತ್ರ ಅಪಾಯದ್ದು. ಕಂದು ಹಾಕಿದ ಆಕಳ ಹಾಲಿನಲ್ಲಿ ಬ್ರುಸೆಲ್ಲಾ ಜೀವಾಣು ಇರಬಹುದು. ಅದು ಮನುಷ್ಯರಿಗೆ ತಗಲಿದರೆ ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತವೆ. ಕ್ಷಯವೂ ಹಸಿ ಹಾಲಿನಿಂದ ಬರಬಲ್ಲದು. ಕುದಿಸಿದರೆ ಇವೆಲ್ಲ ಸಾಯುತ್ತವೆ, ಸುಣ್ಣದಂಶವಾಗಲಿ ಪ್ರೋಟೀನಾಗಲಿ ಹಾಳಾಗುವುದಿಲ್ಲ. ಆದರೆ ಕುದಿಸಿದರೆ ಎಲ್ಲವೂ ಹೋಗುತ್ತದೆ ಎಂದೂ ತಿಳಿಯಬಾರದು. ಕೆಚ್ಚಲು ಬಾವಿಗೆ ಹಾಕಿದ ಔಷಧದ ಅಂಶ ಕುದಿತಕ್ಕೆ ಜಗ್ಗದು. ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಮನೆಗೂ ಬಳಸಬಾರದು, ಡೇರಿಗೂ ಹಾಕಬಾರದು.

2022ರಲ್ಲಿ ರಾಜ್ಯದಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಆಕಳ ಹಾಲು ಕುಡಿಯಲು ಎಷ್ಟೋ ಮಂದಿ ಹೆದರಿದರು. ಆ ರೋಗ ಮನುಷ್ಯರಿಗೆ ಬರುವುದೇ ಇಲ್ಲ. ನೆಗಡಿಯಾದಾಗ ಹಾಲು ಕುಡಿದರೆ ಕಫ ಹೆಚ್ಚುವುದೂ ಇಲ್ಲ. ಹಾಲು ಜೊಲ್ಲಿನೊಂದಿಗೆ ಸೇರಿ ಗಂಟಲಲ್ಲಿ ದಪ್ಪಗೆ ಅನ್ನಿಸುತ್ತದೆ, ಅಷ್ಟೆ. ಆಕಳ ಹಾಲಿನ ಹಳದಿ ಛಾಯೆ ಹಸಿ ಮೇವಿನ ಕ್ಯಾರೋಟೀನಿನದು. ಎಮ್ಮಿ ಅದನ್ನು ವಿಟಮಿನ್ ಎ ಆಗಿ ಮಾರ್ಪಡಿಸುವುದರಿಂದ ಅದರ ಹಾಲು ಬೆಳ್ಳಗೆ.

ಕೊನೆಗೆ ಗಿಣ್ಣದ ಹಾಲಿನ ವಿಷಯ. ಮಾಸು ಬೀಳುವ ತನಕ ಕರುವಿಗೆ ಮೊಲೆ ಕೊಡಬಾರದು ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಇದೆ. ಆಗುವುದು ಇದರ ತದ್ವಿರುದ್ಧ. ಕರು ಚೀಪಿದಷ್ಟೂ ಗರ್ಭಕೋಶ ಕುಗ್ಗಿ ಮಾಸು ಬೀಳಲು ನೆರವಾಗುತ್ತದೆ. ಆಕಳ ಮಾಸಿನ ಮೂಲಕ ರೋಗನಿರೋಧಕ ಅಂಶ ಕರುವಿಗೆ ದಾಟುವುದಿಲ್ಲವಾದ್ದರಿಂದ ಹುಟ್ಟಿದ ಕರುವಿಗೆ ಆ ಬಲವೆಲ್ಲ ಬರಬೇಕಾದದ್ದು ಗಿಣ್ಣದ ಹಾಲಿನಿಂದಲೇ. ಅದನ್ನು ಹೀರುವ ಶಕ್ತಿ ಕರುಳಿಗೆ ಒಂದು ದಿನ ಮಾತ್ರ, ಅದೂ ತಾಸುತಾಸಿಗೆ ಇಳಿಯುತ್ತದೆ. ಮೊದಲ ಒಂದೆರಡು ತಾಸಿನಲ್ಲೇ ಶುರು ಮಾಡಿ, 25 ಕಿಲೋ ತೂಕದ ಕರುವಿಗೆ ದಿನ ತುಂಬುವುದರೊಳಗೆ ಎರಡೂವರೆ ಲೀಟರ್ ಕುಡಿಸಬೇಕು.

ಇದೇ ತಪ್ಪು ಬಾಣಂತಿಯ ಕೋಣೆಯಲ್ಲೂ ನಡೆಯುತ್ತದೆ. ತಾಯಿಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಕೂಸಿಗೆ ಆಕಳ ಹಾಲಿಗೆ ನೀರು ಬೆರೆಸಿ ಕುಡಿಸುತ್ತಾರೆ. ಆಕಳ ಹಾಲಿನ ಪ್ರೋಟೀನು, ಉಪ್ಪಿನಂಶ ಎಳೆಗೂಸಿನ ಮೂತ್ರಪಿಂಡಕ್ಕೆ ಭಾರ, ಕಬ್ಬಿಣದಂಶವೋ ತೀರಾ ಕಡಿಮೆ. ಆರು ತಿಂಗಳು ತಾಯಿಯ ಹಾಲು ಮಾತ್ರ. ಆಮೇಲೆ ಅದರ ಜೊತೆಗೆ ಮೆತ್ತಗಿನ ಊಟ. ಆಕಳ ಹಾಲನ್ನು ಕುಡಿಯಲು ಕೊಡುವುದು ವರ್ಷ ತುಂಬಿದ ಮೇಲೆ.