ಹರಳಿನ ಬಾಳು ಅಂಚಿನಲ್ಲಿ

ಉಂಗುರದಲ್ಲಿಯೋ ಪದಕದಲ್ಲಿಯೋ ಕೂರಿಸಿದ ಹರಳನ್ನು ನೋಡುವಾಗ ನಮ್ಮ ಕಣ್ಣು ಮೊದಲು ಹರಿಯುವುದು ಅದರ ಬಣ್ಣದ ಕಡೆಗೆ, ಅನಂತರ ಅದರ ಹೊಳಪಿನ ಕಡೆಗೆ. ಹರಳಿನ ಅಂಚನ್ನು ಗಮನಿಸುವವರು ವಿರಳ. ಅದು ಲೋಹದ ಪಟ್ಟಿಯ ಮರೆಯಲ್ಲಿ ಅಡಗಿರುತ್ತದೆ. ಆದರೆ ಹರಳು ಕಟ್ಟಿನಲ್ಲಿ ಭದ್ರವಾಗಿ ನಿಲ್ಲುವುದೂ, ಕಟ್ಟುವಾಗ ಒಡೆಯದೆ ಉಳಿಯುವುದೂ, ಬಹುಕಾಲ ಬಾಳುವುದೂ ಈ ಕಾಣದ ಅಂಚನ್ನೇ ಅವಲಂಬಿಸಿವೆ. ಕಲ್ಲಿಗೆ ಸಾಣೆ ಹಿಡಿಯುವುದನ್ನು ಹವ್ಯಾಸವಾಗಿ ಕೈಕೊಂಡವರು ಮುಖ್ಯವಾಗಿ ಕಲಿಯಬೇಕಾದ ಪಾಠವೂ ಇದೇ. ಈ ಅಂಚನ್ನು ಹೇಗೆ ರೂಪಿಸುತ್ತಾರೆ, ಹಾಗೆಯೇ ಏಕೆ ರೂಪಿಸಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ಗುಮ್ಮಟದ ಹರಳು

ರತ್ನಗಳನ್ನು ಮುಖ್ಯವಾಗಿ ಎರಡು ಬಗೆಯಲ್ಲಿ ರೂಪಿಸುತ್ತಾರೆ. ವಜ್ರದಂಥ ಪಾರದರ್ಶಕ ರತ್ನಗಳಿಗೆ ಅನೇಕ ಚಪ್ಪಟೆ ಮುಖಗಳನ್ನು ಕೊಡುವುದು ಒಂದು ಬಗೆ. ಬುಡವನ್ನು ಚಪ್ಪಟೆಯಾಗಿಯೂ ಮೇಲ್ಭಾಗವನ್ನು ಗುಮ್ಮಟದಂತೆ ದುಂಡಾಗಿಯೂ ಉಜ್ಜುವುದು ಇನ್ನೊಂದು ಬಗೆ. ಈ ಎರಡನೆಯದಕ್ಕೆ ‘ಕ್ಯಾಬೊಶಾನ್’ ಎಂದು ಹೆಸರು. ‘ತಲೆ’ ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದುದು. ಮುಖಗಳನ್ನು ಕೊರೆಯುವ ವಿಧಾನಕ್ಕಿಂತ ಇದು ಬಹಳ ಪ್ರಾಚೀನವಾದುದು. ದಕ್ಷಿಣ ಭಾರತದ ಹಳೆಯ ಆಭರಣಗಳಲ್ಲಿ ಕಾಣುವ ಕೆಂಪುಗಳು ಬಹುಮಟ್ಟಿಗೆ ಈ ದುಂಡು ರೂಪದವೇ.

ಅಗೇಟಿನಂಥ ಅರೆಪಾರಕ ಕಲ್ಲುಗಳಿಗೆ ಈ ರೂಪ ಚೆನ್ನಾಗಿ ಒಪ್ಪುತ್ತದೆ. ಕೆಲವು ಕಲ್ಲುಗಳಿಗಂತೂ ಇದು ಅನಿವಾರ್ಯ. ಹಳೆಯ ಮೈಸೂರು ಸೀಮೆಯಲ್ಲಿ ದೊರೆಯುವ ಕೆಲವು ಕೆಂಪುಕಲ್ಲುಗಳಲ್ಲಿ ಆರು ಕಿರಣಗಳ ನಕ್ಷತ್ರವೊಂದು ಕಾಣುತ್ತದೆ. ಕಲ್ಲಿನೊಳಗೆ ಮೂರು ದಿಕ್ಕುಗಳಲ್ಲಿ ಸಾಲಾಗಿ ಹುದುಗಿರುವ ಸೂಜಿಯಂಥ ಸೂಕ್ಷ್ಮ ಖನಿಜಗಳು ಬೆಳಕನ್ನು ಹಿಂದಿರುಗಿಸುವುದರಿಂದ ಈ ನಕ್ಷತ್ರ ಹುಟ್ಟುತ್ತದೆ. ಅದನ್ನು ಸ್ಫುಟವಾಗಿ ತೋರಿಸಲು ಗುಮ್ಮಟದಂಥ ಮೇಲ್ಮೈಯೇ ಬೇಕು.

ಕಾಠಿಣ್ಯ ಬೇರೆ, ದಾರ್ಢ್ಯ ಬೇರೆ

ಖನಿಜಗಳ ಕಾಠಿಣ್ಯವನ್ನು ಅಳೆಯಲು ಫ್ರೆಡ್ರಿಕ್ ಮೋಸ್ ಎಂಬ ಜರ್ಮನ್ ವಿಜ್ಞಾನಿ ೧೮೧೨ರಲ್ಲಿ ಹತ್ತು ಮೆಟ್ಟಿಲುಗಳ ಒಂದು ಮಾನವನ್ನು ರೂಪಿಸಿದನು. ಅದರಲ್ಲಿ ಬೆಣಚುಕಲ್ಲಿನ ಸ್ಥಾನ ೭, ಕುರುಂದದ್ದು ೯, ವಜ್ರದ್ದು ೧೦. ಬೆಣಚುಕಲ್ಲಿನ ಜಾತಿಗೆ ಸೇರಿದ ಅಗೇಟಿನ ಕಾಠಿಣ್ಯವೂ ಸುಮಾರು ೭. ಸಾಮಾನ್ಯವಾದ ಚಾಕುವಿನಿಂದ ಅದರ ಮೇಲೆ ಗೀರೆಳೆಯುವುದು ಸಾಧ್ಯವಿಲ್ಲ. ಇಷ್ಟು ಕಠಿಣವಾದ ಕಲ್ಲಿನ ಅಂಚು ಸಣ್ಣ ಏಟಿಗೇ ಚಕ್ಕೆ ಏಳುವುದೇಕೆ?

ಕಾಠಿಣ್ಯವೆಂದರೆ ಗೀರನ್ನು ಎದುರಿಸುವ ಶಕ್ತಿ. ದಾರ್ಢ್ಯವೆಂದರೆ ಒಡೆತವನ್ನು ಎದುರಿಸುವ ಶಕ್ತಿ. ಇವೆರಡೂ ಒಂದೇ ಅಲ್ಲ. ಎಲ್ಲಕ್ಕಿಂತ ಕಠಿಣವಾದ ವಜ್ರವೂ ತಕ್ಕ ದಿಕ್ಕಿನಲ್ಲಿ ಏಟು ಬಿದ್ದರೆ ಸೀಳುತ್ತದೆ. ನೆಫ್ರೈಟ್ ಎಂಬ ಜೇಡ್ ಕಲ್ಲಿನ ಕಾಠಿಣ್ಯ ಕೇವಲ ೬ರಿಂದ ೬.೫, ಆದರೂ ಅದರ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಅದನ್ನು ಒಡೆಯುವುದು ಬಹಳ ಕಷ್ಟ. ಲೋಹವು ಒತ್ತಡ ಬಿದ್ದಾಗ ಬಾಗಿ ಅದನ್ನು ಹಂಚಿಕೊಳ್ಳುತ್ತದೆ. ಕಲ್ಲಿಗೆ ಬಾಗುವ ಗುಣವಿಲ್ಲ. ತಡೆಯುವಷ್ಟು ತಡೆದು ಒಮ್ಮೆಗೇ ಬಿರಿಯುತ್ತದೆ.

ಪಿಂಗಾಣಿಯ ಬಟ್ಟಲು ಎಲ್ಲಿ ಚಕ್ಕೆ ಏಳುತ್ತದೆಂಬುದನ್ನು ವಾಚಕರು ನೋಡಿಯೇ ಇರುತ್ತಾರೆ. ಹೊಟ್ಟೆಯಲ್ಲಿ ಅಪರೂಪ, ಬಾಯಿಯಂಚಿನಲ್ಲಿ ಸಾಮಾನ್ಯ. ಚೂಪಾದ ಅಂಚಿಗೆ ಬಿದ್ದ ಬಲವು ಅತ್ಯಲ್ಪ ವಿಸ್ತೀರ್ಣದ ಮೇಲೆ ಕೇಂದ್ರೀಕೃತವಾಗುತ್ತದೆ. ಅದನ್ನು ಹೊರಲು ಹಿಂದುಗಡೆ ಸಾಕಷ್ಟು ದ್ರವ್ಯವೂ ಇರುವುದಿಲ್ಲ.

ಇನ್ನೊಂದು ಕಾರಣವುಂಟು. ಗಾಜು ಸಿದ್ಧಾಂತದ ಲೆಕ್ಕಕ್ಕಿಂತ ಬಹಳ ಕಡಮೆ ಬಲಕ್ಕೇ ಏಕೆ ಮುರಿಯುತ್ತದೆಂಬುದನ್ನು ಎ. ಎ. ಗ್ರಿಫಿತ್ ಎಂಬ ಆಂಗ್ಲ ಎಂಜಿನಿಯರು ೧೯೨೧ರಲ್ಲಿ ವಿವರಿಸಿದನು. ಕಣ್ಣಿಗೆ ಕಾಣದ ಕಿರುಬಿರುಕುಗಳ ತುದಿಯಲ್ಲಿ ಒತ್ತಡವು ಹಲವು ಪಟ್ಟು ಹೆಚ್ಚುತ್ತದೆ. ಬಿರುಕು ಅಲ್ಲಿಂದ ಮುಂದುವರಿಯುತ್ತದೆ. ಈ ಮಾತು ನಮ್ಮ ಹರಳಿಗೂ ಅನ್ವಯಿಸುತ್ತದೆ. ಒರಟು ಸಾಣೆಯು ಕಲ್ಲನ್ನು ತೆಗೆಯುವುದೇ ಸೂಕ್ಷ್ಮವಾಗಿ ಒಡೆಯುವುದರ ಮೂಲಕ. ಅದು ಬಿಟ್ಟುಹೋದ ಪ್ರತಿಯೊಂದು ಗೀರಿನ ಕೆಳಗೂ ಕಿರುಬಿರುಕುಗಳಿರುತ್ತವೆ. ಆದುದರಿಂದ ಅಂಚಿನ ರಕ್ಷಣೆಗೆ ಎರಡು ಉಪಾಯಗಳು ಬೇಕಾಗುತ್ತವೆ: ಸರಿಯಾದ ಆಕಾರ ಮತ್ತು ಗೀರಿಲ್ಲದ ಮೈ.

ಅಂಚಿನ ಆಕಾರ

೩೦ ಮಿ. ಮೀ. ಉದ್ದ, ೨೨ ಮಿ. ಮೀ. ಅಗಲದ ಅಂಡಾಕಾರದ ಅಗೇಟ್ ಹರಳನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹವ್ಯಾಸಿಗಳು ಸಾಮಾನ್ಯವಾಗಿ ಆರಿಸುವ ಅಳತೆಗಳಲ್ಲಿ ಇದೂ ಒಂದು. ಐದಾರು ಮಿ. ಮೀ. ದಪ್ಪದ ಕಲ್ಲಿನ ಹಲ್ಲೆಯ ಮೇಲೆ ಈ ಆಕಾರವನ್ನು ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಕಡ್ಡಿಯಿಂದ ಬರೆಯಬೇಕು. ಸೀಸದ ಕಡ್ಡಿಯ ಗೆರೆ ಸಾಣೆಯ ನೀರಿಗೆ ಅಳಿಸಿಹೋಗುತ್ತದೆ. ಲೋಹದ ಗೆರೆ ನಿಲ್ಲುತ್ತದೆ. ಗೆರೆಯ ಹೊರಗೆ ಒಂದೆರಡು ಮಿ. ಮೀ. ಬಿಟ್ಟು ಕಲ್ಲನ್ನು ಕತ್ತರಿಸಿ, ಉಳಿದುದನ್ನು ಸಾಣೆಯ ಮೇಲೆ ನಿಧಾನವಾಗಿ ತೇಯ್ದು ಗೆರೆಯವರೆಗೆ ತರಬೇಕು.

ಆಕಾರ ಬಂದೊಡನೆ ಮಾಡತಕ್ಕ ಕೆಲಸವೆಂದರೆ ಬುಡದ ಚೂಪು ಅಂಚನ್ನು ಸುತ್ತಲೂ ಸುಮಾರು ೪೫ ಡಿಗ್ರಿಯಲ್ಲಿ, ಅರ್ಧ ಮಿ. ಮೀ.ನಷ್ಟು ಓರೆಯಾಗಿ ತೇಯುವುದು. ಈ ಕಿರಿಯ ಓರೆಯಿಂದ ಎರಡು ಪ್ರಯೋಜನಗಳಿವೆ. ಒಂದು, ಮುಂದಿನ ಕೆಲಸದಲ್ಲಿ ಬುಡದಿಂದ ಚಕ್ಕೆ ಏಳುವುದಿಲ್ಲ. ಎರಡನೆಯದು ಹರಳು ಕಟ್ಟುವವನಿಗೆ ಸಂಬಂಧಿಸಿದ್ದು. ಹರಳಿನ ಸುತ್ತಣ ಲೋಹದ ಪಟ್ಟಿಯನ್ನು ಕೆಳಗಿನ ತಗಡಿಗೆ ಬೆಸೆದಾಗ ಒಳಮೂಲೆಯಲ್ಲಿ ಬೆಸುಗೆಯ ಲೋಹ ತುಂಬಿ ಒಂದು ಸಣ್ಣ ಏರು ಉಳಿಯುತ್ತದೆ. ಓರೆಯಿಲ್ಲದ ಹರಳು ಈ ಏರಿನ ಮೇಲೆ ಕುಳಿತು ತೂಗಾಡುತ್ತದೆ. ಆ ಸ್ಥಿತಿಯಲ್ಲಿ ಪಟ್ಟಿಯನ್ನು ಒತ್ತಿದರೆ ದಿನಗಟ್ಟಲೆ ದುಡಿದು ಮೆರುಗು ಕೊಟ್ಟ ಹರಳು ಕ್ಷಣದಲ್ಲಿ ಬಿರುಕು ಬಿಡಬಹುದು. ಓರೆಯಿದ್ದರೆ ಬೆಸುಗೆಯ ಏರಿಗೆ ಅಲ್ಲಿ ಸ್ಥಳ ದೊರೆಯುತ್ತದೆ. ಹರಳು ತಗಡಿನ ಮೇಲೆ ಸಮನಾಗಿ ಕೂರುತ್ತದೆ.

ಇನ್ನು ಹರಳಿನ ಪಕ್ಕ. ಇದನ್ನು ನಾವು ‘ಮೇಖಲೆ’ ಎಂದು ಕರೆಯಬಹುದು. ಮೇಖಲೆ ನೆಟ್ಟಗೆ ಗೋಡೆಯಂತಿದ್ದರೆ ಲೋಹದ ಪಟ್ಟಿಗೆ ಹಿಡಿತ ಸಿಕ್ಕುವುದಿಲ್ಲ. ಹರಳು ಮೇಲಕ್ಕೆ ಜಾರಿ ಬರುವ ಸಂಭವವಿದೆ. ಮೇಖಲೆ ಬಹಳ ಓರೆಯಾಗಿದ್ದರೆ ಬುಡದ ಅಂಚು ಚಾಕುವಿನ ಬಾಯಿಯಂತೆ ತೆಳುವಾಗಿ, ಪಟ್ಟಿಯನ್ನು ಒತ್ತುವಾಗಲೇ ಮುರಿಯುತ್ತದೆ. ಇವೆರಡರ ನಡುವಣ ದಾರಿಯೇ ಯೋಗ್ಯವಾದುದು. ಮೇಖಲೆಯು ನೆಟ್ಟಗಿನಿಂದ ೧೫ ಡಿಗ್ರಿ ಒಳಕ್ಕೆ ವಾಲಿದೆಯೆಂದು ಭಾವಿಸೋಣ. ಆಗ ೨ ಮಿ. ಮೀ. ಎತ್ತರದಲ್ಲಿ ಅದು ಪ್ರತಿ ಪಕ್ಕದಲ್ಲಿಯೂ ಸುಮಾರು ಅರ್ಧ ಮಿ. ಮೀ. ಒಳಕ್ಕೆ ಸರಿದಿರುತ್ತದೆ. ತೆಳುವಾದ ಬೆಳ್ಳಿಯ ಪಟ್ಟಿ ಬಾಗಿ ಹರಳನ್ನು ತಬ್ಬಿಕೊಳ್ಳಲು ಇಷ್ಟು ಸಾಕು. ವಾಲಿಕೆ ೪೫ ಡಿಗ್ರಿಯಾದರೆ ಅಷ್ಟೇ ಎತ್ತರದಲ್ಲಿ ೨ ಮಿ. ಮೀ. ಕಲ್ಲು ಕಳೆದುಹೋಗುತ್ತದೆ.

ಗುಮ್ಮಟ ಏರುವ ಬಗೆ

ಮುಂದಿನ ಕೆಲಸಕ್ಕೆ ಹರಳನ್ನು ಬೆರಳಿನಲ್ಲಿ ಹಿಡಿಯುವುದು ಕಷ್ಟ. ಅದನ್ನು ಬಿಸಿಮಾಡಿದ ಅರಗಿನಿಂದ ಒಂದು ಕಡ್ಡಿಯ ತುದಿಗೆ ಬುಡದ ಕಡೆಯಿಂದ ಅಂಟಿಸಿಕೊಳ್ಳುತ್ತಾರೆ. ಬುಡದಿಂದ ಸುಮಾರು ೨ ಮಿ. ಮೀ. ಎತ್ತರದಲ್ಲಿ ಸುತ್ತಲೂ ಒಂದು ಗೆರೆ ಎಳೆಯುತ್ತಾರೆ. ಈ ಗೆರೆಯೇ ಮೇಖಲೆಯ ಗಡಿ. ಗುಮ್ಮಟದ ತೇಯುವಿಕೆ ಅದನ್ನು ದಾಟಿ ಕೆಳಗಿಳಿಯಬಾರದು.

ಗುಮ್ಮಟವನ್ನು ಒಮ್ಮೆಗೇ ದುಂಡಾಗಿ ತೇಯಲು ಹೋದರೆ ಅದು ಒಂದೆಡೆ ತಗ್ಗಿ ಇನ್ನೊಂದೆಡೆ ಉಬ್ಬುತ್ತದೆ. ಆದುದರಿಂದ ಮೊದಲು ಗೆರೆಯ ಮೇಲ್ಗಡೆ ಸುತ್ತಲೂ ಒಂದು ಓರೆ ಪಟ್ಟಿಯನ್ನು ತೇಯಬೇಕು. ಅದರ ಮೇಲಣ ಏಣನ್ನು ತೇಯ್ದರೆ ಎರಡನೆಯ ಪಟ್ಟಿ ಬರುತ್ತದೆ, ಅನಂತರ ಮೂರನೆಯದು. ಹೀಗೆ ಏಣುಗಳನ್ನು ಮುರಿಯುತ್ತ ಹೋದಂತೆ ಪಟ್ಟಿಗಳು ಕಿರಿದಾಗಿ ಕೊನೆಗೆ ಒಂದೇ ಸಮನಾದ ವಕ್ರಮೈಯಲ್ಲಿ ಲಯವಾಗುತ್ತವೆ. ಬಹುಭುಜಾಕೃತಿಯ ಭುಜಗಳು ಹೆಚ್ಚಿದಂತೆಲ್ಲ ಅದು ವೃತ್ತವನ್ನು ಸಮೀಪಿಸುತ್ತದೆಂದು ರೇಖಾಗಣಿತದಲ್ಲಿ ಓದಿದ್ದೇವಷ್ಟೆ. ಸಾಣೆಗಾರನು ಅದನ್ನೇ ಕಲ್ಲಿನಲ್ಲಿ ಸಾಧಿಸುತ್ತಾನೆ.

ಮೇಖಲೆಗೂ ಮೆರುಗು

ಅಗೇಟನ್ನು ತೇಯಲು ಸಾಮಾನ್ಯವಾಗಿ ಸಿಲಿಕನ್ ಕಾರ್ಬೈಡ್ ಅಥವಾ ವಜ್ರದ ಪುಡಿಯ ಚಕ್ರಗಳನ್ನು ಬಳಸುತ್ತಾರೆ. ಪುಡಿಯ ಅಂಕಿ ದೊಡ್ಡದಾದಷ್ಟೂ ಅದರ ಕಣಗಳು ಸಣ್ಣವು. ೧೦೦ನೆಯ ಅಂಕಿಯ ಕಣವು ಸುಮಾರು ೦.೧೫ ಮಿ. ಮೀ. ಇದ್ದರೆ ೨೨೦ರದು ಅದರ ಅರ್ಧಕ್ಕಿಂತಲೂ ಚಿಕ್ಕದು. ೧೦೦ರಿಂದ ೨೨೦, ೪೦೦, ೬೦೦ ಎಂದು ಕ್ರಮವಾಗಿ ಮುಂದುವರಿದು, ಕೊನೆಯಲ್ಲಿ ಸೀರಿಯಂ ಆಕ್ಸೈಡ್ ಅಥವಾ ತವರದ ಆಕ್ಸೈಡನ್ನು ತೊಗಲಿನ ಮೇಲೆ ಹಚ್ಚಿ ಮೆರುಗು ಕೊಡುತ್ತಾರೆ. ಒಂದೊಂದು ಹಂತವೂ ಹಿಂದಿನ ಹಂತದ ಗೀರುಗಳನ್ನು ಪೂರ್ತಿಯಾಗಿ ತೆಗೆದುಹಾಕಬೇಕು.

ಇಲ್ಲಿ ಅನೇಕರು ಗುಮ್ಮಟವನ್ನು ಶ್ರದ್ಧೆಯಿಂದ ಉಜ್ಜಿ ಮೇಖಲೆಯನ್ನು ಉಪೇಕ್ಷಿಸುತ್ತಾರೆ. ಲೋಹದಡಿ ಮರೆಯಾಗುವ ಭಾಗಕ್ಕೆ ಮೆರುಗೇಕೆ ಎಂಬ ಭಾವನೆ ಸಹಜವೇ. ಆದರೆ ಗ್ರಿಫಿತ್‌ನ ವಿವರಣೆಯನ್ನು ನೆನೆದರೆ ಇದು ಸರಿಯಲ್ಲವೆಂದು ತಿಳಿಯುತ್ತದೆ. ಪಟ್ಟಿಯ ಒತ್ತಡ ಬೀಳುವುದು ಮೇಖಲೆಯ ಮೇಲೆ. ಅಲ್ಲಿ ಉಳಿದ ಒರಟು ಗೀರುಗಳೇ ಬಿರುಕಿನ ಬೀಜಗಳು. ಮೇಖಲೆಯನ್ನು ನಯಗೊಳಿಸುವುದು ಅಲಂಕಾರವಲ್ಲ, ಬಲವರ್ಧನೆ.

ನೀರು ಮತ್ತು ಧೂಳು

ಸಾಣೆಯ ಕೆಲಸವೆಲ್ಲವೂ ನೀರಿನಲ್ಲಿಯೇ ನಡೆಯಬೇಕು. ನೀರು ಘರ್ಷಣೆಯ ಶಾಖವನ್ನು ಹೀರಿ ಕಲ್ಲು ಬಿರಿಯದಂತೆ ಕಾಪಾಡುತ್ತದೆ. ಅದಕ್ಕಿಂತ ಮುಖ್ಯವಾಗಿ ಧೂಳನ್ನು ಅಡಗಿಸುತ್ತದೆ. ಅಗೇಟಿನ ಧೂಳು ಸಿಲಿಕ. ಅದು ಉಸಿರಿನೊಡನೆ ಶ್ವಾಸಕೋಶವನ್ನು ಸೇರಿದರೆ ಸಿಲಿಕೋಸಿಸ್ ಎಂಬ, ಗುಣವಾಗದ ರೋಗ ಬರುತ್ತದೆ. ಗುಜರಾತಿನ ಖಂಭಾತ್ ಅಗೇಟಿನ ಕೆಲಸಕ್ಕೆ ಶತಮಾನಗಳಿಂದ ಹೆಸರಾದ ಊರು. ಅದೇ ಪ್ರಾಂತದ ಲೋಥಲ್‌ನಲ್ಲಿ ಹರಪ್ಪ ನಾಗರಿಕತೆಯ ಕಾಲದ ಮಣಿ ತಯಾರಿಕೆಯ ಕುರುಹುಗಳು ದೊರೆತಿವೆ. ಆ ಖಂಭಾತಿನ ಕೆಲಸಗಾರರನೇಕರು ಒಣ ಸಾಣೆಯ ಧೂಳಿನಿಂದ ಈ ರೋಗಕ್ಕೆ ತುತ್ತಾಗಿರುವುದನ್ನು ವೈದ್ಯಕೀಯ ಸಮೀಕ್ಷೆಗಳು ತೋರಿಸಿವೆ. ಹೊಟ್ಟೆಪಾಡಿಗಾಗಿ ದುಡಿಯುವ ಅವರಿಗೆ ಸುಲಭವಾಗಿ ದೊರೆಯದ ರಕ್ಷಣೆಯನ್ನು, ಸಂತೋಷಕ್ಕಾಗಿ ಕೆಲಸಮಾಡುವ ಹವ್ಯಾಸಿಯು ಅಲಕ್ಷಿಸುವುದು ಅವಿವೇಕವೇ ಸರಿ.

ಈ ವಿದ್ಯೆಯನ್ನು ಕಲಿಯಲು ಬೆಲೆಬಾಳುವ ರತ್ನವೇನೂ ಬೇಕಾಗಿಲ್ಲ. ಉತ್ತರ ಕರ್ನಾಟಕದ ಕಪ್ಪುಶಿಲೆಯ ಪ್ರದೇಶದಲ್ಲಿ ಕೃಷ್ಣಾ, ಭೀಮಾ ನದಿಗಳು ಒಟ್ಟಿದ ಉರುಟುಗಲ್ಲುಗಳ ನಡುವೆ ಅಗೇಟಿನ ತುಂಡುಗಳೂ ಸಿಕ್ಕುತ್ತವೆ. ಅಂಥದೊಂದನ್ನು ತೇಯ್ದು ಮುಗಿಸಿದ ಮೇಲೆ ದೀಪದ ಕೆಳಗೆ ಹಿಡಿದು ಮೆಲ್ಲನೆ ತಿರುಗಿಸಿ ನೋಡಬೇಕು. ಗುಮ್ಮಟದ ಮೇಲೆ ಬಿದ್ದ ಬೆಳಕಿನ ಗೆರೆಯು ಎಲ್ಲಿಯೂ ತುಂಡಾಗದೆ, ಡೊಂಕಾಗದೆ ಮೇಖಲೆಯವರೆಗೆ ಹರಿದುಬಂದರೆ, ಬುಡದ ಓರೆಯ ಮೇಲೆ ಉಗುರು ಎಲ್ಲಿಯೂ ತಡೆಯದೆ ಸುತ್ತು ಬಂದರೆ, ಹರಳು ಕಟ್ಟಿಗೆ ಸಿದ್ಧವಾಯಿತೆಂದು ತಿಳಿಯಬಹುದು.