ಅತಿ ಎತ್ತರದ ಮರವನ್ನು ಎಷ್ಟು ಹತ್ತಿರದಿಂದ ನೋಡಬೇಕು?

ಜಗತ್ತಿನಲ್ಲಿ ಈಗ ಬದುಕಿರುವ ಮರಗಳಲ್ಲಿ ಅತಿ ಎತ್ತರದ್ದೆಂದು ದಾಖಲಾಗಿರುವ ಮರ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಉತ್ತರ ಕರಾವಳಿಯ ಕಾಡಿನಲ್ಲಿದೆ. ಅದರ ಹೆಸರು ಹೈಪೀರಿಯನ್. ಎತ್ತರ ಸುಮಾರು ೧೧೬ ಮೀಟರು, ಅಂದರೆ ೩೮೦ ಅಡಿ. ಶ್ರವಣಬೆಳಗೊಳದ ಗೊಮ್ಮಟನಂಥ ಆರು ಮೂರ್ತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಈ ಮರದ ತುದಿಗೆ ಇನ್ನೂ ಮೂವತ್ತು ಅಡಿ ಬಾಕಿ ಉಳಿಯುತ್ತದೆ. ವಿಜಯಪುರದ ಗೋಳಗುಮ್ಮಟ ಇದರ ಅರ್ಧಕ್ಕೂ ಬರುವುದಿಲ್ಲ.

ಇಂಥ ಮರದ ಬುಡದಲ್ಲೊಮ್ಮೆ ನಿಂತು ತಲೆಯೆತ್ತಿ ನೋಡಬೇಕೆಂದು ಯಾರಿಗೆ ಅನಿಸುವುದಿಲ್ಲ? ಆದರೆ ೨೦೨೨ರಿಂದ ಆ ಬುಡಕ್ಕೆ ಹೋಗುವುದು ಅಪರಾಧ. ಸಿಕ್ಕಿಬಿದ್ದವರಿಗೆ ೫,೦೦೦ ಡಾಲರುಗಳವರೆಗೆ ದಂಡ, ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಮರ ನೋಡಿದ ತಪ್ಪಿಗೆ ಜೈಲೇ ಎಂದು ಅಚ್ಚರಿಯಾಗಬಹುದು. ಅದಕ್ಕಿಂತ ಸೋಜಿಗದ ಸಂಗತಿಯೆಂದರೆ, ಈ ಕಾಡು ಕೊಡಲಿಯಿಂದ ಪಾರಾದದ್ದೇ ಇನ್ನೊಂದು ಎತ್ತರದ ಮರದ ಕೀರ್ತಿಯಿಂದ. ಒಂದು ಮರದ ಪ್ರಸಿದ್ಧಿ ಕಾಡನ್ನು ಉಳಿಸಿತು, ಮತ್ತೊಂದರ ಪ್ರಸಿದ್ಧಿ ಅದೇ ಮರಕ್ಕೆ ಕುತ್ತಾಯಿತು. ಇದು ಹೇಗಾಯಿತೆಂದು ತಿಳಿಯಲು ಮೊದಲು ಮರದ ಪರಿಚಯವಾಗಬೇಕು.

ಮಂಜಿನ ನಾಡಿನ ಮರ

ಹೈಪೀರಿಯನ್ ರೆಡ್‌ವುಡ್ ಜಾತಿಯ ಮರ. ಕೆಂಪು ಚೇಗಿನಿಂದಾಗಿ ಬಂದ ಹೆಸರಿದು. ಶಾಸ್ತ್ರೀಯ ನಾಮ ಸಿಕೋಯಾ ಸೆಂಪರ್‌ವೈರೆನ್ಸ್. ಪೆಸಿಫಿಕ್ ಸಾಗರದ ಅಂಚಿನಲ್ಲಿ, ಆರೆಗಾನ್ ರಾಜ್ಯದ ದಕ್ಷಿಣ ತುದಿಯಿಂದ ಕ್ಯಾಲಿಫೋರ್ನಿಯಾದ ನಡುಭಾಗದವರೆಗಿನ ಕಿರಿದಾದ ಪಟ್ಟಿಯಲ್ಲಿ ಮಾತ್ರ ಈ ಮರ ಸಹಜವಾಗಿ ಬೆಳೆಯುತ್ತದೆ. ಅಲ್ಲಿ ಚಳಿಗಾಲದಲ್ಲಿ ಮಳೆ. ಬೇಸಿಗೆಯಲ್ಲಿ ಮಳೆಯಿಲ್ಲ, ಆದರೆ ಸಮುದ್ರದಿಂದ ದಟ್ಟ ಮಂಜು ಒಳನುಗ್ಗುತ್ತದೆ. ಎಲೆಗಳು ಆ ಮಂಜನ್ನು ತಡೆದು ಹನಿಗಳನ್ನಾಗಿ ನೆಲಕ್ಕೆ ಬೀಳಿಸುತ್ತವೆ, ಒಂದಿಷ್ಟನ್ನು ನೇರವಾಗಿ ಹೀರಿಕೊಳ್ಳುತ್ತವೆ. ಬೇಸಿಗೆಯ ಬಾಯಾರಿಕೆ ಹೀಗೆ ತೀರುತ್ತದೆ.

ಒಂದಡಿ ದಪ್ಪದ ತೊಗಟೆ ಬೆಂಕಿಯನ್ನು ತಡೆಯುತ್ತದೆ. ಚೇಗಿನಲ್ಲಿರುವ ಒಗರಾದ ರಾಸಾಯನಿಕಗಳು ಹುಳುವನ್ನೂ ಬೂಷ್ಟನ್ನೂ ದೂರವಿಡುತ್ತವೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಆದ್ದರಿಂದಲೇ ಈ ಜಾತಿಯ ಕೆಲವು ಮರಗಳು ಎರಡು ಸಾವಿರ ವರ್ಷ ದಾಟಿ ಬದುಕಿವೆ. ಹೈಪೀರಿಯನ್ನಿನ ವಯಸ್ಸು ಆರುನೂರರಿಂದ ಎಂಟುನೂರು ವರ್ಷವೆಂದು ಅಂದಾಜು. ಅಂದರೆ ವಿಜಯನಗರ ಸಾಮ್ರಾಜ್ಯ ಮೆರೆದು ಮುಗಿಯುವಾಗ ಇದು ಬೆಳೆಯುತ್ತಲೇ ಇತ್ತು.

ನೀರು ಏರುವ ಬಗೆ

ಇಷ್ಟು ಎತ್ತರಕ್ಕೆ ನೀರು ಏರುವುದಾದರೂ ಹೇಗೆ? ಬಾವಿಯ ದಡದಲ್ಲಿಟ್ಟ ಪಂಪು ಹತ್ತು ಮೀಟರಿಗಿಂತ ಆಳದ ನೀರನ್ನು ಹೀರಿ ಎತ್ತಲಾರದೆಂಬುದು ನಮ್ಮ ರೈತರಿಗೆಲ್ಲ ಗೊತ್ತು. ಮರ ಅದರ ಹನ್ನೊಂದು ಪಟ್ಟು ಎತ್ತುತ್ತದೆ, ಅದೂ ಸದ್ದಿಲ್ಲದೆ. ನಮ್ಮ ಜಗದೀಶಚಂದ್ರ ಬೋಸರು ಕಾಂಡದೊಳಗಿನ ಜೀವಕೋಶಗಳು ಮಿಡಿಯುತ್ತ ನೀರನ್ನು ಮೇಲಕ್ಕೆ ತಳ್ಳುತ್ತವೆಂದು ವಾದಿಸಿ ೧೯೨೩ರಲ್ಲಿ ಒಂದು ಗ್ರಂಥವನ್ನೇ ಬರೆದರು. ಇಂದು ವಿಜ್ಞಾನಿಗಳು ಒಪ್ಪಿರುವ ವಿವರಣೆ ಅದಕ್ಕೂ ಹಳೆಯದು. ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ ಎಂಬಿಬ್ಬರು ೧೮೯೪ರಲ್ಲಿ ಅದನ್ನು ಮುಂದಿಟ್ಟರು. ಎಲೆಯಿಂದ ನೀರು ಆವಿಯಾದಂತೆ ಅದರ ಹಿಂದಿನ ನೀರು ಎಳೆಯಲ್ಪಡುತ್ತದೆ. ನೀರಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವ ಗುಣದವು. ಆದ್ದರಿಂದ ಬೇರಿನಿಂದ ಎಲೆಯವರೆಗೆ ಸೂಕ್ಷ್ಮ ನಾಳಗಳಲ್ಲಿರುವ ನೀರು ಬಿಗಿದ ಹಗ್ಗದಂತೆ ಒಟ್ಟಾಗಿ ಮೇಲೇರುತ್ತದೆ. ಇಲ್ಲಿ ನೂಕುವವರಿಲ್ಲ, ಬಿಸಿಲೇ ಮೇಲಿನಿಂದ ಎಳೆಯುತ್ತದೆ.

ಎತ್ತರ ಹೆಚ್ಚಿದಂತೆ ಈ ಹಗ್ಗದ ಬಿಗಿತ ಹೆಚ್ಚುತ್ತದೆ. ಮಿತಿ ಮೀರಿದರೆ ನಡುವೆ ಗಾಳಿಗುಳ್ಳೆ ಹುಟ್ಟಿ ಹಗ್ಗ ತುಂಡಾಗುತ್ತದೆ. ಅದಕ್ಕಾಗಿಯೇ ರೆಡ್‌ವುಡ್ಡಿನ ಕೆಳಕೊಂಬೆಗಳ ಎಲೆಗಳು ಅಗಲವಾಗಿದ್ದರೆ, ತುದಿಯ ಎಲೆಗಳು ಬರಗಾಲದ ಗಿಡದ್ದರಂತೆ ಮೊಟಕಾಗಿ, ದಪ್ಪಗೆ ಇರುತ್ತವೆ. ಮಂಜಿನ ನಡುವೆ ನಿಂತೂ ಬಾಯಾರುವ ಸ್ಥಿತಿ ತುದಿಯದು. ಈ ಮರಗಳನ್ನು ಹತ್ತಿ ಅಭ್ಯಾಸ ಮಾಡಿದ ವಿಜ್ಞಾನಿಗಳು ೨೦೦೪ರಲ್ಲಿ ಒಂದು ಲೆಕ್ಕ ಕೊಟ್ಟರು: ಮರವೊಂದು ಹೆಚ್ಚೆಂದರೆ ೧೨೨ರಿಂದ ೧೩೦ ಮೀಟರುವರೆಗೆ ಬೆಳೆದೀತು. ಹೈಪೀರಿಯನ್ ಆ ಗಡಿಯ ಸಮೀಪದಲ್ಲೇ ಇದೆ.

ಒಂದು ಅಳತೆ ಉಳಿಸಿದ ಕಾಡು

ಈ ಕರಾವಳಿಯ ಯುರೋಕ್ ಮುಂತಾದ ಮೂಲನಿವಾಸಿಗಳಿಗೆ ರೆಡ್‌ವುಡ್ ಮನೆಯ ಹಲಗೆಯೂ ಹೌದು, ದೋಣಿಯೂ ಹೌದು. ಹೆಚ್ಚಾಗಿ ತಾನಾಗಿ ಬಿದ್ದ ಮರಗಳನ್ನೇ ಅವರು ಬಳಸುತ್ತಿದ್ದರು. ಒಂದೇ ದಿಮ್ಮಿಯನ್ನು ಕೊರೆದು ಮಾಡಿದ ದೋಣಿಯೊಳಗೆ ಹೃದಯದ ಆಕಾರವನ್ನೂ ಬಿಡಿಸುವುದು ಯುರೋಕರ ಪದ್ಧತಿ. ದೋಣಿಗೂ ಜೀವವಿದೆಯೆಂಬುದು ಅವರ ನಂಬಿಕೆ. ೧೮೫೦ರ ಸುಮಾರಿಗೆ ಚಿನ್ನದ ಬೆನ್ನು ಹತ್ತಿ ಬಂದ ಜನಸಾಗರ ಈ ಮರವನ್ನು ಬೇರೆ ಕಣ್ಣಿನಿಂದ ನೋಡಿತು. ಆಗ ಸುಮಾರು ೨೦ ಲಕ್ಷ ಎಕರೆಯಷ್ಟಿದ್ದ ಹಳೆಯ ರೆಡ್‌ವುಡ್ ಕಾಡಿನಲ್ಲಿ ಇಂದು ಉಳಿದಿರುವುದು ನೂರಕ್ಕೆ ಐದರಷ್ಟು ಮಾತ್ರ.

ಆ ಐದರಲ್ಲಿ ಒಂದು ಪಾಲು ಉಳಿದದ್ದಕ್ಕೆ ಅಳತೆಪಟ್ಟಿಯೂ ಕಾರಣ. ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆಯ ಪಾಲ್ ಜಾಲ್ ೧೯೬೩ರಲ್ಲಿ ರೆಡ್‌ವುಡ್ ಕ್ರೀಕ್ ಎಂಬ ಹೊಳೆಯ ತಿರುವಿನಲ್ಲಿ ೩೬೭.೮ ಅಡಿಯ ಮರವೊಂದನ್ನು ಅಳೆದರು. ಆವರೆಗೆ ತಿಳಿದಿದ್ದ ಮರಗಳಲ್ಲಿ ಅದೇ ಎತ್ತರದ್ದು. ಅದು ನಿಂತಿದ್ದದ್ದು ಮರದ ವ್ಯಾಪಾರದ ಕಂಪನಿಯೊಂದರ ಜಮೀನಿನಲ್ಲಿ! ೧೯೬೪ರಲ್ಲಿ ಆ ಸಂಸ್ಥೆಯ ಪತ್ರಿಕೆಯಲ್ಲಿ ಚಿತ್ರಸಮೇತ ವರದಿ ಬಂದಾಗ ಈ ಕಾಡನ್ನು ಉಳಿಸಬೇಕೆಂಬ ಕೂಗಿಗೆ ಬಲ ಬಂತು. ೧೯೬೮ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ರೆಡ್‌ವುಡ್ ರಾಷ್ಟ್ರೀಯ ಉದ್ಯಾನದ ಕಾನೂನಿಗೆ ಸಹಿ ಹಾಕಿದರು.

ಆದರೆ ಆ ಪ್ರಖ್ಯಾತ ಮರದ ಸುತ್ತ ಉದ್ಯಾನಕ್ಕೆ ಸೇರಿದ್ದು ಹೊಳೆಯ ಎರಡು ಬದಿಯ ಸಣ್ಣ ಪಟ್ಟಿ ಮಾತ್ರ. ಮೇಲಿನ ಇಳಿಜಾರುಗಳಲ್ಲಿ ಗರಗಸ ನಿಲ್ಲಲಿಲ್ಲ. ಬೋಳಾದ ಬೆಟ್ಟದ ಮಣ್ಣು ಮಳೆಗೆ ಕೊಚ್ಚಿ ಹೊಳೆಗೆ ತುಂಬಿತು. ಕಾಪಾಡಿದ ಮರಗಳ ಬುಡಕ್ಕೇ ಅಪಾಯ ಬಂತು. ಉದ್ಯಾನವನ್ನು ವಿಸ್ತರಿಸುವ ಮಾತು ಬಂದಾಗ ಮರ ಕಡಿಯುವ ಕೆಲಸವನ್ನೇ ನಂಬಿದ್ದ ಊರುಗಳು ಸಿಟ್ಟಿಗೆದ್ದವು. ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕಡಲೆಕಾಯಿ ಬೆಳೆಗಾರರು. ೧೯೭೭ರಲ್ಲಿ ಕೆಲಸಗಾರರು ರೆಡ್‌ವುಡ್ ದಿಮ್ಮಿಯನ್ನು ಕಡಲೆಕಾಯಿಯ ಆಕಾರಕ್ಕೆ ಕೆತ್ತಿ, ಲಾರಿಯ ಮೇಲೆ ದೇಶದ ಆ ತುದಿಯ ವಾಷಿಂಗ್ಟನ್ನಿಗೆ ಸಾಗಿಸಿದರು. ಕಾಡು ನಿಮಗೆ ಕಡಲೆಕಾಯಿಯಷ್ಟು ಸಣ್ಣ ವಿಷಯವಾದರೂ ನಮಗೆ ಅನ್ನದ ಪ್ರಶ್ನೆ ಎಂಬುದು ಅದರ ಅರ್ಥ. ಶ್ವೇತಭವನ ಆ ಕಾಣಿಕೆಯನ್ನು ಸ್ವೀಕರಿಸಲಿಲ್ಲ. ೧೯೭೮ರಲ್ಲಿ ೪೮,೦೦೦ ಎಕರೆ ಉದ್ಯಾನಕ್ಕೆ ಸೇರಿತು. ಅದರಲ್ಲಿ ಬಹುಪಾಲು ಆಗಲೇ ಕಡಿದು ಮುಗಿದಿತ್ತು. ಹೈಪೀರಿಯನ್ ಇರುವುದು ಕಡಿಯದೆ ಉಳಿದಿದ್ದ ಸ್ವಲ್ಪ ಜಾಗದಲ್ಲಿ. ಕಾನೂನು ಇನ್ನಷ್ಟು ತಡವಾಗಿದ್ದರೆ ಅದು ಯಾರ ಗಮನಕ್ಕೂ ಬಾರದೆ ಹಲಗೆಯಾಗಿರುತ್ತಿತ್ತು.

ಗುಟ್ಟು ರಟ್ಟಾಯಿತು

ಕ್ರಿಸ್ ಆಟ್ಕಿನ್ಸ್ ಮತ್ತು ಮೈಕೆಲ್ ಟೇಲರ್ ಎಂಬ ಹವ್ಯಾಸಿಗಳ ಕಣ್ಣಿಗೆ ಈ ಮರ ಬಿದ್ದದ್ದು ೨೦೦೬ರ ಆಗಸ್ಟ್ ೨೫ರಂದು. ಕೆಲ ವಾರಗಳಲ್ಲಿ ಸಸ್ಯವಿಜ್ಞಾನಿ ಸ್ಟೀವ್ ಸಿಲೆಟ್ ಮರ ಹತ್ತಿ, ತುದಿಯಿಂದ ಪಟ್ಟಿ ಇಳಿಬಿಟ್ಟು ಅಳೆದರು. ಗ್ರೀಕ್ ಪುರಾಣದಲ್ಲಿ ಸೂರ್ಯನ ತಂದೆಯಾದ ಹೈಪೀರಿಯನ್ನನ ಹೆಸರನ್ನು ಮರಕ್ಕೆ ಇಡಲಾಯಿತು. ಮರ ಇರುವ ಜಾಗವನ್ನು ಮಾತ್ರ ಗುಟ್ಟಾಗಿಡಲಾಯಿತು.

ಗುಟ್ಟು ಹೆಚ್ಚು ಕಾಲ ಉಳಿಯಲಿಲ್ಲ. ಇಂಟರ್ನೆಟ್ಟಿನಲ್ಲಿ ದಾರಿಯ ವಿವರ ಹರಡಿದ್ದೇ ಜನ ಬರತೊಡಗಿದರು. ಅಲ್ಲಿಗೆ ದಾರಿಯೆಂಬುದೇ ಇಲ್ಲ. ಹೊಳೆ ದಾಟಿ, ಪೊದೆ ನುಗ್ಗಿ ಹೋಗಬೇಕು. ಬಂದವರೆಲ್ಲ ತಮ್ಮದೇ ಕಾಲುಹಾದಿ ಮಾಡಿಕೊಂಡರು. ಬುಡದಲ್ಲಿದ್ದ ಜರೀಗಿಡಗಳು ಕಾಲ್ತುಳಿತಕ್ಕೆ ಸಿಕ್ಕಿ ಕಾಣೆಯಾದವು. ತೊಗಟೆಗೆ ಪೆಟ್ಟಾಯಿತು. ಕಸ ಬಿತ್ತು, ಬಯಲುಶೌಚದ ಹೊಲಸೂ ಸೇರಿತು.

ಇಷ್ಟು ದೊಡ್ಡ ಮರಕ್ಕೆ ಮನುಷ್ಯನ ಪಾದ ಯಾವ ಲೆಕ್ಕ ಎನ್ನಬಹುದು. ಆದರೆ ರೆಡ್‌ವುಡ್ಡಿಗೆ ಆಳಕ್ಕಿಳಿಯುವ ತಾಯಿಬೇರಿಲ್ಲ. ಮೂವತ್ತು ಮೀಟರಿಗೂ ಹೆಚ್ಚು ಅಗಲಕ್ಕೆ ಹರಡುವ ಬೇರುಗಳು ಆಳಕ್ಕೆ ಇಳಿಯುವುದು ಎರಡು ಮೂರು ಮೀಟರು ಮಾತ್ರ. ತುಳಿತದಿಂದ ಮಣ್ಣು ಗಟ್ಟಿಯಾದರೆ ನೀರು ಇಂಗುವುದಿಲ್ಲ, ಬೇರಿಗೆ ಗಾಳಿ ದೊರೆಯುವುದಿಲ್ಲ. ನೂರು ಮೀಟರಿಗೂ ಮೇಲಿನ ಎಲೆ ಎಳೆಯುವ ನೀರು ಈ ತೆಳುಪದರದಿಂದಲೇ ಹೊರಡಬೇಕು ಎಂಬುದನ್ನು ನೆನೆದರೆ ಹೆಜ್ಜೆಯ ತೂಕ ಅರ್ಥವಾಗುತ್ತದೆ.

ಪಾದಕ್ಕಿಂತ ಹಗುರವಾದ ಕೇಡೂ ಇದೆ. ಮಾರ್ಬಲ್ಡ್ ಮರ್‌ಲೆಟ್ ಎಂಬ ಸಣ್ಣ ಕಡಲಹಕ್ಕಿ ಮೀನು ಹಿಡಿಯುವುದು ಸಮುದ್ರದಲ್ಲಾದರೂ ಮೊಟ್ಟೆ ಇಡುವುದು ಇಂಥ ಹಳೆಯ ಮರಗಳ ಪಾಚಿಗಟ್ಟಿದ ಕೊಂಬೆಗಳ ಮೇಲೆ, ಅದೂ ಒಂದೇ ಒಂದು ಮೊಟ್ಟೆ. ಅದರ ಗೂಡಿನ ಗುಟ್ಟು ೧೯೭೪ರವರೆಗೆ ಪಕ್ಷಿತಜ್ಞರಿಗೇ ತಿಳಿದಿರಲಿಲ್ಲ. ಪ್ರವಾಸಿಗರು ಚೆಲ್ಲಿದ ತಿಂಡಿಯ ಚೂರಿಗೆ ಕಾಗೆಯ ಕುಲದ ನೀಲಿ ಜೇ ಹಕ್ಕಿಗಳು ಸೇರುತ್ತವೆ, ಹಾಗೆ ಸೇರಿದವು ಮೇಲಿನ ಗೂಡಿನ ಮೊಟ್ಟೆಯನ್ನೂ ಹುಡುಕಿ ತಿನ್ನುತ್ತವೆ. ಅಲ್ಲಿನ ಉದ್ಯಾನಗಳಲ್ಲಿ ಒಂದು ಚೂರನ್ನೂ ಚೆಲ್ಲಬೇಡಿ ಎಂದು ಫಲಕ ಹಾಕಿರುವುದು ಇದಕ್ಕಾಗಿಯೇ.

ಹೋಗಲು ದಾರಿಗಳಿವೆ

ಹೈಪೀರಿಯನ್ನಿನ ಬುಡಕ್ಕೆ ಹೋದವರಿಗೆ ತಾನೇ ಕಂಡದ್ದೇನು? ಸುತ್ತಲಿನ ದಟ್ಟ ಕಾಡಿನಲ್ಲಿ ಅದರ ತುದಿ ಕೆಳಗಿನಿಂದ ಕಾಣುವುದಿಲ್ಲ. ಕಾಂಡದ ದಪ್ಪದಲ್ಲಿ ಅದನ್ನು ಮೀರಿಸುವ ಮರಗಳು ಬೇಕಾದಷ್ಟಿವೆ. ಜನ ಅಷ್ಟು ಕಷ್ಟಪಟ್ಟು ಹೋದದ್ದು ಒಂದು ಅಂಕಿಯನ್ನು ನೋಡಲು ಎನ್ನಬೇಕು.

ಮರವನ್ನೇ ನೋಡಬೇಕೆನ್ನುವವರಿಗೆ ಬೇರೆ ಏರ್ಪಾಡುಗಳಿವೆ. ೧೯೬೩ರಲ್ಲಿ ಅಳೆದ ಮರವಿರುವ ಟಾಲ್ ಟ್ರೀಸ್ ತೋಪಿಗೆ ಉಚಿತ ಪರವಾನಗಿ ಪಡೆದು ಹೋಗಬಹುದು. ದಿನಕ್ಕೆ ಇಷ್ಟೇ ವಾಹನಗಳೆಂದು ಮಿತಿಯಿದೆ. ಮಣ್ಣುರಸ್ತೆಯಲ್ಲಿ ಸಾಗಿ, ಬೆಟ್ಟದಿಂದ ಹೊಳೆಯವರೆಗೆ ನಡೆದು ಇಳಿಯಬೇಕು. ಹೋಗಿಬರಲು ಆರೇಳು ಕಿಲೋಮೀಟರು, ಮರಳುವಾಗ ಇಳಿದದ್ದನ್ನೆಲ್ಲ ಏರಬೇಕು. ಇನ್ನಷ್ಟು ಉತ್ತರದ ಜೆಡಿಡಯಾ ಸ್ಮಿತ್ ಉದ್ಯಾನದಲ್ಲಿ ಗ್ರೋವ್ ಆಫ್ ಟೈಟನ್ಸ್ ಎಂಬ ಮಹಾವೃಕ್ಷಗಳ ತೋಪಿದೆ. ೧೯೯೮ರಲ್ಲಿ ಪತ್ತೆಯಾದ ಆ ತೋಪಿನ ಗುಟ್ಟೂ ಹೀಗೆಯೇ ಬಯಲಾಗಿ ನೆಲ ತುಳಿತಕ್ಕೆ ಸಿಕ್ಕಿತ್ತು. ಅಲ್ಲಿ ಬಾಗಿಲು ಮುಚ್ಚುವ ಬದಲು ನೆಲದಿಂದ ಎತ್ತರಿಸಿದ, ಸುಮಾರು ೧,೩೦೦ ಅಡಿ ಉದ್ದದ ಕಾಲುಸಂಕವನ್ನು ಕಟ್ಟಿ ೨೦೨೨ರಲ್ಲಿ ತೆರೆದರು. ಜನ ಮೇಲೆ ನಡೆಯುತ್ತಾರೆ, ಕೆಳಗೆ ಜರೀಗಿಡ ಮತ್ತೆ ಬೆಳೆಯಲು ಅವಕಾಶವಾಗಿದೆ.

ಸ್ಯಾನ್ ಫ್ರಾನ್ಸಿಸ್ಕೋ ಆಸುಪಾಸಿನಲ್ಲಿ ನೆಲೆಸಿರುವ ಮಕ್ಕಳನ್ನು ನೋಡಲು ಹೋಗುವ ಕನ್ನಡಿಗರು ಈಗ ಅನೇಕರು. ಅಷ್ಟು ಉತ್ತರಕ್ಕೆ ಹೋಗಲಾಗದವರು ಆ ನಗರಕ್ಕೆ ಹತ್ತಿರವೇ ಇರುವ, ೧೯೦೮ರಿಂದ ರಕ್ಷಿತವಾಗಿರುವ ಮ್ಯೂರ್ ವುಡ್ಸ್ ನೋಡಬಹುದು. ಅಲ್ಲಿನ ಅತಿ ಎತ್ತರದ ಮರ ೨೫೮ ಅಡಿ. ದಾಖಲೆಯ ಮಾತಿಲ್ಲದಿದ್ದರೂ ತಲೆಯೆತ್ತಿ ನೋಡುವವರ ಕತ್ತು ನೋಯಲು ಅಷ್ಟು ಸಾಕು.

ಟಾಲ್ ಟ್ರೀಸ್ ತೋಪಿನ ಆ ಮೊದಲ ಮರದ ತುದಿ ಮುಂದೆ ಒಣಗಿ ಮುರಿದು, ಮೊದಲ ಸ್ಥಾನ ಎಂದೋ ಕೈಬಿಟ್ಟಿತು. ಹಾಗೆಂದು ಆ ತೋಪಿಗೆ ಹೋಗುವವರು ಕಡಿಮೆಯಾಗಿಲ್ಲ, ಅದರ ಹೆಸರಿನಲ್ಲಿ ಉಳಿದ ಕಾಡೂ ಕಡಿಮೆಯಾಗಿಲ್ಲ. ಹೈಪೀರಿಯನ್ನಿನ ದಾಖಲೆಯೂ ಒಂದು ದಿನ ಇನ್ನೊಂದು ಮರದ ಪಾಲಾಗಬಹುದು. ಅಷ್ಟರಲ್ಲಿ ಅದರ ಬುಡದ ಮಣ್ಣು ಸಡಿಲಗೊಂಡು ಜರೀಗಿಡಗಳು ಮತ್ತೆ ಚಿಗುರಿದರೆ, ನೋಡಲು ಯಾರೂ ಹೋಗದ ಈ ವರ್ಷಗಳು ಸಾರ್ಥಕವಾದಂತೆ.